ಷರಾ

ದಾಸ್ತಾನು ಪುಸ್ತಕ, ಪುಟ ಹದಿನೇಳು.
ಸೂಕ್ಷ್ಮದರ್ಶಕ: ಒಂದು. ಸ್ಥಿತಿ: ಸುಸ್ಥಿತಿ.
ಕೆಳಗೆ ಶಿವನಂಜಪ್ಪನವರ ಸಹಿ,
ಅದರಡಿ ಪುಟ್ಟಸ್ವಾಮಾಚಾರ್,
ಆಮೇಲೆ ಹಸಿರು ಇಂಕಿನ ಲಲಿತಾಂಬ.
ಹನ್ನೊಂದು ವರ್ಷ ಬೀಗದ ಕೈ
ಕೈಯಿಂದ ಕೈಗೆ ದಾಟಿದ್ದಕ್ಕೆ ದಾಖಲೆಯುಂಟು.
ಷರಾ ಎಂಬ ಕಾಲಮ್ಮು
ಮೇಲಿಂದ ಕೆಳತನಕ ಬೆಳ್ಳಗೆ.

ನಾನು ಬಂದದ್ದು ಜೂನಿನಲ್ಲಿ. ಮೂರು ದಿನ ಈ ಸೀಗೆಕೊಪ್ಪಲು,
ಮೂರು ದಿನ ದುದ್ದದಾಚೆಯ ಇನ್ನೊಂದು ಶಾಲೆ.
ಅತಿಥಿ ಶಿಕ್ಷಕಿ.
ಅತಿಥಿ ಬಂದರೆ ಅಟ್ಟದ ಪಾತ್ರೆ ಇಳಿಸುವುದು ಪದ್ಧತಿ;
ಇಲ್ಲಿ ಬೀರು ತೆರೆಯಲಿಲ್ಲ.
"ಒಡೆದರೆ ಸಂಬಳದಲ್ಲಿ ಮುರ್ಕೊತಾರೆ ಮೇಡಂ"
ಎಂದರು ನಿಂಗರಾಜು ಮಾಸ್ಟರು. ಕೆಟ್ಟವರಲ್ಲ,
ನಿವೃತ್ತಿಗೆ ಹದಿನಾಲ್ಕು ತಿಂಗಳು.

ಬೋರ್ಡಿನ ಮೇಲೆ ಜೀವಕೋಶ ಬರೆದೆ:
ಒಂದು ಸೊನ್ನೆ, ಸೊನ್ನೆಯೊಳಗೊಂದು ಸೊನ್ನೆ.
"ಮೊಟ್ಟೆಯಾ ಮಿಸ್?" ಅಂದ ಫರ್ಹಾನ್.
ಅಲ್ಲ ಎಂದೆ.
ಬಸ್ಸು ಅರ್ಧ ದಾರಿ ಬಂದಾಗ ಹೊಳೆಯಿತು,
ಹೌದು ಎನ್ನಬೇಕಿತ್ತು.

ನಾನಿರುವುದು ಹಾಸನದ ಸಾಲಗಾಮೆ ರಸ್ತೆಯಲ್ಲಿ.
ಅಲ್ಲಿ ಬೇಲಿಯಾಚೆ ಬಿಳಿ ಬೋಗುಣಿಗಳು
ಮುಗಿಲಿಗೆ ಬಾಯ್ದೆರೆದು ಕೂತಿವೆ.
ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ
ಉಪಗ್ರಹ ಕೂದಲೆಳೆಯಷ್ಟು ವಾಲಿದರೂ
ಇಲ್ಲಿಂದಲೇ ನೆಟ್ಟಗೆ ನಿಲ್ಲಿಸುತ್ತಾರಂತೆ.
ನನ್ನ ಮೇಜಿನಿಂದ ಬೀರುವಿಗೆ
ಒಂಬತ್ತು ಹೆಜ್ಜೆ. ಎಣಿಸಿದ್ದೇನೆ.

ಆಗಸ್ಟು. ನಾಲ್ಕು ದಿನದಿಂದ ಜಡಿ, ಸೂರ್ಯನಿಲ್ಲ.
ಜಾಮಿಟ್ರಿ ಬಾಕ್ಸು ತೆರೆದು ಸಿಂಚನ ಎತ್ತಿದಳು
ಆಲೂಗೆಡ್ಡೆಯ ಒಂದು ಎಲೆ.
ಅಂಚು ಸುಟ್ಟಂತೆ ಕಪ್ಪು,
ಮಗುಚಿದರೆ ಬೂದಿ ಉದುರಿಸಿದ ಹಾಗೆ ಬಿಳಿ.
"ತಾತ ಮಿಂಚು ಬಡಿದದ್ದು ಅಂತಾನೆ,
ಔಷಧಿ ಅಂಗಡಿಯೋನು ಅಂಗಮಾರಿ ಅಂತಾನೆ.
ಅಂಗಮಾರಿ ಅಂದ್ರೆ ಯಾರು ಮಿಸ್?"

ಏನು ಅಲ್ಲ, ಯಾರು.

ಪಾಠ ಬಾಯಿಗೆ ಬಂದಿತ್ತು, ನುಂಗಿದೆ.
ಅವಳು ಕೇಳಿದ್ದು ಹೆಸರನ್ನಲ್ಲ,
ಮುಖವನ್ನು.

ಎಲೆಯನ್ನು ಮಾಸ್ಟರ ಮುಂದಿಟ್ಟೆ.
ಬಹಳ ಹೊತ್ತು ನೋಡಿದರು.
"ನಮ್ಮ ಹೊಲಕ್ಕೂ ಬಂದೈತೆ" ಎಂದು
ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು,
ಮರೆತವರ ಹಾಗೆ ಅಂಗಳಕ್ಕೆ ನಡೆದರು.

ತುಕ್ಕು. ಬಿಸಿಯೂಟದ ಸಾಕಮ್ಮ
ಒಗ್ಗರಣೆ ಎಣ್ಣೆ ನಾಲ್ಕು ಹನಿ ಬಿಟ್ಟಳು ಬೀಗಕ್ಕೆ.
ಥರ್ಮೋಕೋಲಿನ ತೊಟ್ಟಿಲಿಂದ ಎತ್ತಿದಾಗ
ಕೂಸಿನಷ್ಟೇ ಭಾರ.
ಕನ್ನಡಿ ತಿರುಗಿಸಿದರೆ ಬೆಳಕೇ ಇಲ್ಲ,
ಅದಕ್ಕೂ ಸಾಕಮ್ಮನ ಮೊಬೈಲು ಟಾರ್ಚೇ ಆಯಿತು.
ಸೂಜಿಯಲ್ಲಿ ಬಿಳಿಯನ್ನು ಕೆರೆದು,
ಹನಿ ನೀರಿನಲ್ಲಿ ಮಲಗಿಸಿ,
ಮೇಲೊಂದು ಗಾಜಿನ ಹೊದಿಕೆ.

ನಲವತ್ತೊಂದು ಮಕ್ಕಳು, ಒಂದು ಕಿಂಡಿ.
"ಕೊಂಬೆ ಐತೆ ಮಿಸ್!"
"ಕೊಂಬೆ ತುದೀಲಿ ನಿಂಬೆಹಣ್ಣು!"
"ಗಿಡದ ಮೇಲೆ ಇನ್ನೊಂದು ತೋಟ ಹಾಕವರೆ ಯಾರೋ!"
ಸಿಂಚನ ಮಾತ್ರ ಕಣ್ಣು ಕೀಳಲಿಲ್ಲ,
ಹಿಂದಿನವರು ಜಡೆ ಎಳೆದರೂ.
ಕೊನೆಗೆ, ಕಳ್ಳತನ ಒಪ್ಪಿಕೊಳ್ಳುವವಳಂತೆ:
"ಚೆನ್ನಾಗೈತಲ್ಲ ಮಿಸ್ ಇದು."
ಅವಳ ತಾತನ ಎರಡೆಕರೆ
ಆ ಹೊತ್ತಿಗೆ ಕೊಳೆಯುತ್ತಿತ್ತು.
ನನಗೆ ಏನು ಹೇಳಲೂ ತೋಚಲಿಲ್ಲ.

ಸೆರಗಿಗೆ ಕೈ ಒರೆಸಿಕೊಂಡು ಸಾಕಮ್ಮನೂ ಬಗ್ಗಿದಳು.
"ಇಷ್ಟು ವರ್ಷ ಇದು ಇಲ್ಲೇ ಇತ್ತಾ?"
ಯಂತ್ರವನ್ನೋ, ರೋಗವನ್ನೋ,
ನಾನು ಕೇಳಲಿಲ್ಲ.

ಆಗಲೇ ಫರ್ಹಾನ್ ತಿರುಪು ಒಂದು ಸುತ್ತು ಹೆಚ್ಚು ತಿರುಗಿಸಿದ್ದು.
ಟಿಕ್.
ಅಷ್ಟೇ ಸದ್ದು. ತರಗತಿ ಉಸಿರು ಹಿಡಿಯಿತು,
ಹುಡುಗನ ತುಟಿ ಬಿಳಿಚಿತು.
ನಾನು ಹೇಳಿದೆ: "ಅವತ್ತು ನೀನಂದದ್ದು ಸರಿ ಕಣೋ,
ಮೊಟ್ಟೆಯೂ ಒಂದು ಜೀವಕೋಶವೇ."

ಸಂಜೆ ಪುಟ ಹದಿನೇಳು ತೆರೆದೆ.
ಕವರ್ ಗ್ಲಾಸು: ಒಂದು ಕಡಿಮೆ.
ಷರಾ: ಬಳಸಲಾಗಿದೆ.

ಮಾಸ್ಟರು ಕನ್ನಡಕ ತೆಗೆದು ಓದಿದರು,
ಹಾಕಿಕೊಂಡು ಮತ್ತೊಮ್ಮೆ ಓದಿದರು,
ಸಹಿ ಮಾಡಿದರು, ಸ್ವಲ್ಪ ಓರೆಯಾಗಿ.

ಜುಲೈ ತಿಂಗಳ ಗೌರವಧನ ಇನ್ನೂ ಬಂದಿಲ್ಲ.
ಬಂದರೆ
ಮುರಿದುಕೊಳ್ಳಲಿ.